ವೌಟರನ ಕೊನೆಯ ತಗಡು

ಎಂಟು ಜನ ಒಂದೇ ಸಲಕ್ಕೆ ಹೆಗಲು ಜಾರಿಸಿದರು. ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಇದ್ದ ವೌಟರನ ಶವಪೆಟ್ಟಿಗೆ ಇನ್ನೇನು ನೆಲಕ್ಕೆ ಅಪ್ಪಳಿಸಬೇಕು, ಅಷ್ಟರಲ್ಲಿ ನಾನು ಕೈಚಾಚಿ ಅದನ್ನು ಕಿರುಬೆರಳಿನಲ್ಲಿ ಎತ್ತಿ ಹಿಡಿದೆ. ಬರೀ ಕಿರುಬೆರಳು, ಅದೂ ಎಡಗೈಯದು. ದೊಡ್ಡ ಚರ್ಚಿನ ಗಂಟೆ ಹನ್ನೆರಡು ಹೊಡೆದು ಮುಗಿಸುವವರೆಗೂ ಹಿಡಿದೇ ಇದ್ದೆ. ನಡುವೆ ಬಲಗೈಯಲ್ಲಿ ಟೋಪಿ ಸರಿಮಾಡಿಕೊಂಡು ಎದುರುಮನೆಯ ಮುದುಕಿಯ ಮೊಣಕಾಲುನೋವು ಹೇಗಿದೆಯೆಂದೂ ವಿಚಾರಿಸಿದೆ. ನಂಬಿಕೆ ಬಾರದಿದ್ದರೆ ನೋಡಿ, ಉಗುರಿನ ಸುತ್ತ ಇನ್ನೂ ಕಪ್ಪುಗಟ್ಟಿದೆ. ಹೆಣದ ಭಾರವೆಂದರೆ ತಮಾಷೆಯಲ್ಲ.

ನಾನು ಫ್ಲೋರಿಸ್. ಹಾರ್ಲೆಮಿನಲ್ಲಿ ಯಾರು ಸತ್ತರೂ ಕರಿಯ ನಿಲುವಂಗಿ ತೊಟ್ಟು, ಕರಿಪಟ್ಟಿಯ ಟೋಪಿ ಇಟ್ಟು, ಮನೆಮನೆಯ ಬಾಗಿಲು ತಟ್ಟಿ ಸಾವಿನ ಸುದ್ದಿ ಸಾರುವವನು. ನಾನು ಇಲ್ಲಿ ನಿಂತು ಒಬ್ಬನ ಹೆಸರು ಕೂಗಿದರೆ ದೂರದ ಲೈಡನ್ ಪಟ್ಟಣದ ನಾಯಿಗಳು ಊಳಿಡುತ್ತವೆ. ಒಮ್ಮೆ ತಪ್ಪಿ ಬದುಕಿದ್ದವನೊಬ್ಬನ ಹೆಸರು ಸಾರಿಬಿಟ್ಟೆ. ನನ್ನ ದನಿ ಕೇಳಿ ಅವನು ಮರುಮಾತಾಡದೆ ಮಲಗಿಕೊಂಡು ಕಣ್ಣು ಮುಚ್ಚಿದ.

ನಮ್ಮಲ್ಲಿ ಬೀದಿಯ ಹೆಣವನ್ನು ಬೀದಿಯವರೇ ಹೊರಬೇಕು. ಬೀದಿಯವರು ಒಲ್ಲೆವೆಂದರೆ ಬಡವರ ಛತ್ರದ ಕೂಲಿಗಳು ತಳ್ಳುಗಾಡಿ ತರುತ್ತಾರೆ. ಹಾಗೆ ಹೋದವನ ಹೆಂಡತಿ ಆಮೇಲೆ ಬಾವಿಕಟ್ಟೆಯಲ್ಲಿ ಕೊಡ ಇಳಿಸುವ ಹಾಗಿಲ್ಲ. ವೌಟರನ ಪೆಟ್ಟಿಗೆ ಮತ್ತೆ ನಡುಮನೆಗೆ ಬಂದು ಮರದ ಕಾಲುಮಣೆಗಳ ಮೇಲೆ ಕೂತಿತು. ಎಂಟು ಜನರೂ ಕೈಕಟ್ಟಿ ನಿಂತರು.

"ಏನಾಯ್ತು?" ಅಂದಳು ಆಲೈಡಾ, ವೌಟರನ ಹೆಂಡತಿ. ಅವಳು ಬೆಳಗಿನಿಂದ ಅತ್ತಿರಲಿಲ್ಲ. ಅಳುವುದಾದರೆ ಈ ಮುಖಗಳ ಮುಂದೆ ಅಳುವುದಿಲ್ಲ ಎಂದು ತೀರ್ಮಾನಿಸಿದವಳ ಹಾಗೆ ದವಡೆ ಬಿಗಿದಿದ್ದಳು.

"ಏನಾಯ್ತು ಅಂತ ನಮ್ಮನ್ನೇ ಕೇಳ್ತೀಯಲ್ಲಮ್ಮ!" ಅಂದ ಪಕ್ಕದ ಮನೆಯ ರೊಟ್ಟಿಯವನು ಗೋವರ್ಟ್. "ನಿನ್ನ ಗಂಡ ಸಾಯೋ ಮುಂಚೆ ಕೊರೆದ್ನಲ್ಲ, ಆ ತಗಡು ಎಲ್ಲಿ? ತಗೊಂಡು ಬಾ. ಅದರಲ್ಲಿರೋ ನಮ್ಮ ಮುಖಗಳನ್ನ ನಮ್ಮೆದುರಿಗೇ ಕೆರೆದುಹಾಕು. ಆಮೇಲೆ ಎತ್ತೋಣ."

"ನನ್ನನ್ನ ಹಂದಿ ಜೊತೆ ಮಲಗಿಸಿದಾನಂತೆ," ಅಂದ ಪೀಪಾಯಿ ಮಾಡುವ ಲುಬ್ಬರ್ಟ್. "ಹಂದಿ ನನ್ನ ಬಾಯಿ ನೆಕ್ತಾ ಇದೆಯಂತೆ."

"ಯಾರು ಹೇಳಿದ್ರು ನಿಮಗೆ?"

ಎಂಟು ಜನರೂ ನನ್ನ ಕಡೆ ತಿರುಗಿದರು. ಸುದ್ದಿ ಸಾರುವುದು ನನ್ನ ಕಸುಬು, ತಪ್ಪೇನಿದೆ? ನಾನು ನನ್ನ ಟೋಪಿಯ ಅಂಚನ್ನು ಬಹಳ ಆಸ್ಥೆಯಿಂದ ಪರೀಕ್ಷಿಸತೊಡಗಿದೆ.

*

ವೌಟರನ ಕೆಲಸ ಇಂಥದು: ಚಿತ್ರಕಾರರು ಕಾಗದದ ಮೇಲೆ ಬರೆದುಕೊಟ್ಟ ಹಳ್ಳಿಯ ನೋಟಗಳನ್ನು, ಅಂದರೆ ದಾರಿ, ದನ, ಹುಲ್ಲುಬಣವೆ, ಹಳ್ಳದ ಮೇಲೆ ಬಾಗಿದ ಮರಗಳನ್ನು, ತಾಮ್ರದ ತಗಡಿಗೆ ಇಳಿಸುವುದು. ತಗಡಿಗೆ ಮೇಣ ಬಳಿದು, ಮೇಣದ ಮೇಲೆ ಸೂಜಿಯಿಂದ ಗೀಚಿ, ಅದನ್ನು ತಾಮ್ರ ತಿನ್ನುವ ಹುಳಿನೀರಿಗೆ ಹಾಕಬೇಕು. ನೀರು ತಿಂದ ಗೀರುಗಳಿಗೆ ಮಸಿ ತುಂಬಿ ಒತ್ತಿದರೆ ಕಾಗದದ ಮೇಲೆ ಚಿತ್ರ. ಅಡಿಯಲ್ಲಿ ಎರಡು ಹೆಸರು. ಚಿತ್ರ ಬರೆದವರದು ದಪ್ಪಕ್ಷರದಲ್ಲಿ. ಕೊರೆದವನದು ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣದಾಗಿ.

ಜೀವಮಾನವೆಲ್ಲ ಹುಲ್ಲು ಕೊರೆದ ಈ ಮನುಷ್ಯನಿಗೆ ಹುಲ್ಲು ಕಂಡರೆ ಆಗುತ್ತಿರಲಿಲ್ಲ. ಹುಲ್ಲಿನ ಬಂಡಿ ಊರಬಾಗಿಲು ದಾಟಿದರೆ ಸಾಕು, ಇಲ್ಲಿ ವೌಟರ್ ಸೀನುತ್ತಿದ್ದ. ಆ ಸೀನಿಗೆ ಹೆಂಚು ಹಾರಿ ಕಾಲುವೆಗೆ ಬಿದ್ದು ಬಾತುಕೋಳಿಗಳು ಸತ್ತದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಹಳ್ಳಿಯ ಕಡೆ ಅವನು ತಲೆಹಾಕಿಯೂ ಮಲಗಲಿಲ್ಲ. ಅವನಿಗೆ ಚಿತ್ರ ಕೊಡುತ್ತಿದ್ದ ಬೂಲೆನ್ಸ್ ಮೇಷ್ಟ್ರು ಆಕಾಶ ಮತ್ತು ಮರಗಳನ್ನು ಮಾತ್ರ ಮನಸ್ಸಿಟ್ಟು ಬರೆಯುವವರು. ಜನ ಇರಬೇಕಾದ ಕಡೆ ನಾಲ್ಕು ಚುಕ್ಕೆ ಇಟ್ಟು, "ಇಲ್ಲಿ ಯಾರಾದ್ರೂ ರೈತರನ್ನ ತುಂಬ್ಕೊಳಯ್ಯ" ಎಂದು ಹೊರಟುಬಿಡುತ್ತಿದ್ದರು.

ರೈತರನ್ನು ಎಲ್ಲಿಂದ ತರುವುದು? ವೌಟರ್ ಕಿಟಕಿಯಿಂದ ಹೊರಗೆ ನೋಡಿದ. ಬೀದಿ ಕಂಡಿತು.

"ಈ ರೊಟ್ಟೀಲಿ ಸುಣ್ಣ ಇದೆ," ಎಂದು ಒಂದು ಬೆಳಿಗ್ಗೆ ಅವನು ಗೋವರ್ಟನ ಅಂಗಡಿಯಲ್ಲಿ ಎಲ್ಲರ ಎದುರು ಅಂದ.

"ಸುಣ್ಣ ನಿನ್ನ ಕಣ್ಣಲ್ಲಿದೆ. ಬೇಕಾದ್ರೆ ತಗೋ, ಇಲ್ದಿದ್ರೆ ನಿನ್ನ ತಗಡನ್ನೇ ಕಡಿದು ತಿನ್ನು."

ಮುಂದಿನ ಚಿತ್ರದಲ್ಲಿ ಓಕ್ ಮರದ ಬುಡದಲ್ಲಿ ಒಬ್ಬ ರೈತ ಬಗ್ಗಿ ನಿಂತು ಕಕ್ಕುತ್ತಿದ್ದ. ಬಲಗೆನ್ನೆಯ ಮೇಲೆ ಹುಣಸೆಬೀಜದಷ್ಟು ದೊಡ್ಡ ನರಹುಲಿ. ಗೋವರ್ಟನ ನರಹುಲಿ ಊರಿಗೇ ಗೊತ್ತು. ಆ ಚಿತ್ರ ಹಡಗು ಹತ್ತಿ ದೂರದ ಡಾನ್ಸಿಗ್ ಬಂದರಿನ ತನಕ ಹೋಯಿತು. ಅಲ್ಲಿಂದ ಬಂದ ನಾವಿಕರು ರೊಟ್ಟಿ ಕೊಳ್ಳಲು ಬಂದು, ಗೋವರ್ಟನ ಮುಖ ನೋಡಿ, ರೊಟ್ಟಿ ಕೊಳ್ಳದೆ ಹೋದರು. ಸೋರುವ ಪೀಪಾಯಿ ಮಾರಿದ ಲುಬ್ಬರ್ಟ್ ಮತ್ತೊಂದು ಚಿತ್ರದಲ್ಲಿ ಎಡಗಾಲು ಕುಂಟುತ್ತಾ ಚರಂಡಿಗೆ ಬಿದ್ದ. ಅದಾದ ಮೇಲೆ ಬೀದಿಯಲ್ಲಿ ವೌಟರನ ಜೊತೆ ಜಗಳವಾಡಿದವರೆಲ್ಲ ಮುಂದಿನ ಚಿತ್ರ ಬರುವವರೆಗೆ ಊಟ ಸೇರದೆ ಒದ್ದಾಡುತ್ತಿದ್ದರು.

ಹಗೆಗೆ ಮಾಡಿದನೋ, ಬೇರೆ ಮುಖ ಗೊತ್ತಿಲ್ಲದೆ ಮಾಡಿದನೋ? ಒಮ್ಮೆ ಕೇಳಿದ್ದೆ.

"ನನ್ನ ಹತ್ರ ಇರೋ ಮುಖಗಳು ಇವೇ ಕಣಯ್ಯ," ಅಂದಿದ್ದ. "ಅದರಲ್ಲಿ ಒಂದೂ ನನ್ನ ನೋಡಿ ನಕ್ಕಿದ್ದಿಲ್ಲ. ನಗೋ ಮುಖ ಎಲ್ಲಿಂದ ತರ್ಲಿ?"

*

ಸತ್ತವರ ಮನೆಯಲ್ಲಿ ಚಿತ್ರಗಳನ್ನು ಗೋಡೆಗೆ ಮುಖಮಾಡಿ ತಿರುಗಿಸಿಡುತ್ತಾರೆ. ವೌಟರನ ನಡುಮನೆಯ ಗೋಡೆ ತುಂಬ ಚೌಕಟ್ಟುಗಳ ಬೆನ್ನುಗಳೇ. ಕಿಟಕಿಯ ಕದಗಳೂ ಮುಚ್ಚಿದ್ದವು. ಬಂದವರಿಗೆಲ್ಲ ಮಸಾಲೆ ಹಾಕಿದ ಬಿಸಿ ದ್ರಾಕ್ಷಾರಸ ಕೊಟ್ಟಿದ್ದರು. ಕುಡಿದವರ ಮೂತಿ ಮಾತ್ರ ಹುಳಿ ಕುಡಿದ ಹಾಗಿತ್ತು. ಪೆಟ್ಟಿಗೆಯ ತಲೆದೆಸೆಯಲ್ಲಿ ಬೂಲೆನ್ಸ್ ಮೇಷ್ಟ್ರು ಬೆಳ್ಳಿಹಿಡಿಯ ಕೋಲು ಹಿಡಿದು ನಿಂತಿದ್ದರು.

"ಮೇಷ್ಟ್ರೇ, ನೀವಾದ್ರೂ ಹೇಳಿ," ಅಂದ ಗೋವರ್ಟ್. "ನಿಮ್ಮ ಚಿತ್ರದಲ್ಲಿ ಕಕ್ಕೋರು ಇದ್ರಾ?"

"ನಾನು ಬರೆದದ್ದು ಸಂಜೆಯ ಬೆಳಕು," ಅಂದರು ಮೇಷ್ಟ್ರು. "ಅದರಲ್ಲಿ ಹೇಲು ಉಚ್ಚೆ ತುಂಬಿದ್ದು ಈ ಮಹಾನುಭಾವ. ಒಂದೇ ಒಂದು ಸಲ ನನ್ನ ಆಕಾಶವನ್ನ ಯಾರಾದ್ರೂ ನೋಡಿದಾರಾ? ಎಲ್ಲರೂ ಮೂಗು ತಾಗಿಸಿ ಹುಡುಕೋದು, ಯಾರು ಯಾರ ಮೇಲೆ ಬಿದ್ದಿದಾರೆ ಅಂತ."

"ಸರಿ," ಅಂದಳು ಆಲೈಡಾ. ಒಳಗೆ ಹೋಗಿ ಹಿಟ್ಟಿನ ಡಬ್ಬದಿಂದ ತಗಡು ತೆಗೆದು ತಂದು, ಮೇಜಿನ ಮೇಲೆ ಮೋಂಬತ್ತಿಯ ಪಕ್ಕ ಇಟ್ಟಳು. ಅದರ ಪಕ್ಕಕ್ಕೆ ತಾಮ್ರ ಕೆರೆಯುವ ಮೂರಂಚಿನ ಉಳಿ. "ತಗಡು ಇಲ್ಲಿದೆ. ಉಳಿ ಇಲ್ಲಿದೆ. ಇನ್ನೂ ಒಂದು ಪ್ರತಿಯೂ ಒತ್ತಿಲ್ಲ. ಸೋಮವಾರ ಆಮ್‌ಸ್ಟರ್‌ಡ್ಯಾಮಿಂದ ವ್ಯಾಪಾರಿ ಬರ್ತಾನೆ. ಕೆರೆದ ತಗಡು ಕೈಯಲ್ಲೂ ಮುಟ್ಟಲ್ಲ ಅಂದಿದಾನೆ. ನನಗೆ ಇವನು ಬಿಟ್ಟುಹೋಗಿರೋದು ಇದೊಂದೇ. ಆದ್ರೂ ಕೆರೀತೀನಿ. ನನ್ನ ಗಂಡ ತಳ್ಳುಗಾಡೀಲಿ ಹೋಗಬಾರದು."

"ಮತ್ತಿನ್ನೇನು, ಕೆರಿ."

"ಯಾರನ್ನ ಕೆರೀಲಿ? ತನ್ನ ಮುಖ ಯಾವುದು ಅಂತ ಒಬ್ಬೊಬ್ಬರೇ ಬಂದು ಬೆರಳಿಟ್ಟು ತೋರಿಸಿ. 'ಇದು ನಾನು' ಅಂತ ಬಾಯಿಬಿಟ್ಟು ಹೇಳಿ. ಹೇಳಿದೋರನ್ನ ಕೆರೀತೀನಿ."

ಮನೆ ನಿಶ್ಶಬ್ದವಾಯಿತು. ಎಂಥ ನಿಶ್ಶಬ್ದವೆಂದರೆ, ಪೆಟ್ಟಿಗೆಯೊಳಗೆ ವೌಟರ್ ಮೀಸೆಯಲ್ಲೇ ನಗುವುದು ನನಗೆ ಕೇಳಿಸಿತು.

ಕೊನೆಗೆ ಗೋವರ್ಟ್ ಬಗ್ಗಿದ. ಹಳ್ಳಿಯ ದಾರಿ, ಒಂದು ಹೆಂಡದಂಗಡಿ, ಹಿಂದೆ ಬೇಲಿ, ಹುಲ್ಲುಬಣವೆ. ಅಂಗಡಿಯ ಜಗಲಿಯಲ್ಲಿ ಒಬ್ಬ ಕಕ್ಕುತ್ತಿದ್ದಾನೆ. ಗೋವರ್ಟನ ಕಿವಿ ಕೆಂಪಾಯಿತು. ಮೋಂಬತ್ತಿ ಹತ್ತಿರ ಎಳೆದುಕೊಂಡ. ತನ್ನ ನರಹುಲಿ ಮುಟ್ಟಿಕೊಂಡ. ಅನುಮಾನ ಬಂದು, ಆ ರೈತ ನಿಂತ ದಿಕ್ಕಿಗೇ ತಾನೂ ತಿರುಗಿ, ಮೇಜಿಗೆ ಬೆನ್ನು ಕೊಟ್ಟು ಬಗ್ಗಿ ನಿಂತು, ಮತ್ತೊಮ್ಮೆ ಕೆನ್ನೆ ಮುಟ್ಟಿಕೊಂಡ. ಆಮೇಲೆ ಬಿದ್ದೂಬಿದ್ದು ನಗತೊಡಗಿದ.

"ಎಡಗೆನ್ನೆ! ನೋಡ್ರಯ್ಯ, ಇವನಿಗೆ ಎಡಗೆನ್ನೇಲಿದೆ! ನನಗೆ ಬಲಗೆನ್ನೇಲಿ! ಇದು ನಾನಲ್ಲ!"

ಲುಬ್ಬರ್ಟ್ ಅವನನ್ನು ತಳ್ಳಿಕೊಂಡು ಬಂದ. "ಹಂದಿ ಎಲ್ಲಿ? ಹಾಂ... ಇಲ್ಲಿದಾನೆ. ಇವನಿಗೆ ಮೋಟಾಗಿರೋದು ಬಲಗಾಲು. ನಂದು ಎಡಗಾಲು. ಅಯ್ಯೋ ಪಾಪ, ಯಾರೋ ಬೇರೆ ನನ್ಮಗ!"

"ನೋಡೋಕೆ ನಿನ್ ಥರಾನೇ ಇದಾನಲ್ಲೋ," ಅಂದ ಹಿಂದಿನಿಂದ ಒಬ್ಬ.

"ಇರ್ಲಿ ಬಿಡು. ಕುಂಟರೆಲ್ಲ ಒಂದೇ ಥರ ಕಾಣ್ತಾರೆ."

ಎಂಟೂ ಜನ ಸರದಿಯಲ್ಲಿ ಬಂದರು. ಎಡಗಣ್ಣು ಮೆಳ್ಳೆಯಿದ್ದವನು ತಗಡಿನ ಮೇಲೆ ಬಲಗಣ್ಣು ಮೆಳ್ಳೆಯಾದವನನ್ನು ಕಂಡು ದೇವರಿಗೆ ಕೈಮುಗಿದ. ಒಬ್ಬನೂ ಬೆರಳಿಡಲಿಲ್ಲ. ಬಣವೆಯ ಬಳಿ ಬೆನ್ನು ಹಾಕಿ ಉಚ್ಚೆ ಹೊಯ್ಯುತ್ತಿದ್ದವನೊಬ್ಬ ಉಳಿದ.

"ಇವನ್ಯಾರು?" ಅಂದ ಗೋವರ್ಟ್. "ಮುಖಾನೇ ಕಾಣಲ್ವಲ್ಲ."

"ಅಂಗಿಯ ತೇಪೆ ನೋಡು. ನಾನೇ ಹಾಕಿದ್ದು," ಅಂದಳು ಆಲೈಡಾ. "ಅದು ನನ್ನ ಗಂಡ. ನಿಮಗೆಲ್ಲ ಬೆನ್ನು ಹಾಕಿ ನಿಂತಿದಾನೆ."

ಈ ನೂಕುನುಗ್ಗಲಿನಲ್ಲಿ ನಾನೂ ಕತ್ತು ತೂರಿಸಿದೆ. ಲುಬ್ಬರ್ಟನ ಮೊಣಕೈ ನನ್ನ ಟೋಪಿಯನ್ನು ಕಣ್ಣಿನ ಮೇಲೆ ಎಳೆಯಿತು. ತಗಡಿನ ಒಂದು ಮೂಲೆಯಲ್ಲಿ ಕುದುರೆಯ ಬಾಲವೊಂದು ಕಂಡಿತು. ನನಗೆ ಅಷ್ಟು ಸಾಕಾಗಿತ್ತು. ಕುದುರೆಯ ಮೇಲೆ ಯಾರಿದ್ದಾರೆಂದು ನನಗೆ ಗೊತ್ತಿತ್ತು.

"ಎತ್ರೋ," ಅಂದ ಗೋವರ್ಟ್, ಹಬ್ಬಕ್ಕೆ ಹೊರಟವನ ಹಾಗೆ.

ಅವರು ಪೆಟ್ಟಿಗೆಗೆ ಹೆಗಲು ಕೊಡುವ ಗಡಿಬಿಡಿಯಲ್ಲಿದ್ದಾಗ ಬೂಲೆನ್ಸ್ ಮೇಷ್ಟ್ರು ಮೇಜಿನ ಬಳಿಗೆ ಸರಿದರು. ತಗ್ಗಿದ ದನಿಯಲ್ಲಿ ಅಂದರು:

"ತಗಡಲ್ಲಿ ಎಡಕ್ಕಿರೋದು ಕಾಗದದಲ್ಲಿ ಬಲಕ್ಕೆ ಬರುತ್ತೆ."

"ಗೊತ್ತು," ಅಂದಳು ಆಲೈಡಾ. "ಮದುವೆಯಾದಾಗಿಂದ ಮಸಿ ಹಚ್ಚಿ ಒತ್ತಿರೋಳು ನಾನು."

"ಒತ್ತಿದ ತಕ್ಷಣ ಆ ನರಹುಲಿ ಅವನ ಬಲಗೆನ್ನೇಲೇ ಕೂರುತ್ತೆ. ಹೇಳ್ಲಾ ಅವರಿಗೆ?"

"ಹೇಳಿ. ಅಡಿಯಲ್ಲಿ ಅಕ್ಷರ ಇನ್ನೂ ಕೆತ್ತಿಲ್ಲ. ನಿಮ್ಮ ಹೆಸರು ದಪ್ಪಕ್ಷರದಲ್ಲಿ ಡಾನ್ಸಿಗ್ ತನಕ ಹೋಗಬೇಕೋ, ಇಲ್ಲ ಈ ತಗಡು ಪಾತ್ರೆಯವನ ಕುಲುಮೆಗೆ ಹೋಗಬೇಕೋ, ಯೋಚನೆ ಮಾಡಿ ಹೇಳಿ."

ಅಕ್ಷರಗಳು ಇದ್ದಿದ್ದರೆ ಅವು ತಿರುಗುಮುರುಗಾಗಿ ಕಂಡು ಆಟ ಅಲ್ಲೇ ಮುಗಿಯುತ್ತಿತ್ತು. ಮೇಷ್ಟ್ರು ತಗಡಿನ ಅಡಿಯ ಖಾಲಿ ಪಟ್ಟಿಯನ್ನು ನೋಡಿದರು. ಕೈಗವಸು ತೊಟ್ಟುಕೊಂಡರು. ಬಾಗಿಲ ಕಡೆ ತಿರುಗಿ, "ಹುಷಾರಾಗಿ ಎತ್ರಪ್ಪ, ಹೊಸ್ತಿಲಿದೆ," ಎಂದರು.

*

ಸಾಯುವ ಮುಂಚಿನ ಚಳಿಗಾಲದಲ್ಲಿ ವೌಟರ್ ಹಾಸಿಗೆ ಹಿಡಿದಿದ್ದ. ಹುಳಿನೀರಿನ ಹೊಗೆ ಎದೆಯನ್ನೂ ತಾಮ್ರದ ಹಾಗೆ ತಿಂದಿತ್ತು. ಬೀದಿಯಿಂದ ಒಬ್ಬರೂ ಬಂದು ನೋಡಲಿಲ್ಲ. ನಾನು ಹೋಗಿದ್ದೆ. ದಿನಾ ಹೋಗುತ್ತಿದ್ದೆ, ದಿನಕ್ಕೆ ನಾಲ್ಕು ಸಲ.

ಮೊಣಕಾಲ ಮೇಲೆ ಹಲಗೆ, ಹಲಗೆಯ ಮೇಲೆ ತಗಡು. ಕೆಮ್ಮು ಬಂದಾಗ ಸೂಜಿ ಎತ್ತುವುದು, ಕೆಮ್ಮು ನಿಂತಾಗ ಇಳಿಸುವುದು.

"ಯಾಕೆ ಬಂದೆ?" ಅಂದ. "ನಾನಿನ್ನೂ ಸತ್ತಿಲ್ಲ."

"ಸುಮ್ನೆ ನೋಡೋಣ ಅಂತ. ಯಾರ್‍ಯಾರಿದಾರೆ ಈ ಸಲ?"

"ಎಲ್ಲಾ ಇದಾರೆ. ರೊಟ್ಟಿಯವನು ಕಕ್ತಾನೆ. ಕುಂಟನ್ನ ಹಂದಿ ನೆಕ್ತದೆ."

"ನಾನು?"

ಅವನು ಸೂಜಿಯನ್ನು ಮತ್ತೆ ತಗಡಿಗೆ ಇಳಿಸಿದ.

"ವೌಟರ್, ಇಷ್ಟು ವರ್ಷದಲ್ಲಿ ಬೀದೀಲಿ ಎಲ್ಲರೂ ನಿನ್ನ ಚಿತ್ರದಲ್ಲಿ ಬಂದ್ರು. ನಾಯಿ ಬಂತು. ನನ್ನನ್ನ ಮಾತ್ರ ಬಿಟ್ಟೆ. ಬೇಕಾದ್ರೆ ಈಗ್ಲೇ ಒಂದು ಜಗಳ ಆಡೋಣ. ನಿನ್ನ ಅಪ್ಪ ಕಳ್ಳ. ಸಾಕಾ?"

ಅವನು ನಕ್ಕದ್ದು ಕೆಮ್ಮಾಗಿ ಹೊರಬಂತು. "ಏನಾಗಿ ಬರ್ಬೇಕು ನೀನು?"

"ಕುದುರೆ ಮೇಲೆ ಕೂರಿಸು. ನಡುದಾರೀಲಿ. ಟೋಪಿ ಹಾಕ್ಕೊಂಡು."

"ಕುದುರೆ ಮಾಡ್ತೀನಿ," ಅಂದ ವೌಟರ್. "ಹೋಗು ಇನ್ನು."

*

ಮೆರವಣಿಗೆ ಹೊರಟಿತು. ನಾನು ಮುಂದೆ. ನನ್ನ ಹಿಂದೆ ಎಷ್ಟು ಜನವೆಂದರೆ, ಪೆಟ್ಟಿಗೆ ಚರ್ಚಿನ ಹಾಸುಗಲ್ಲಿನ ಅಡಿಗೆ ಇಳಿದಾಗ ಮೆರವಣಿಗೆಯ ಬಾಲ ಇನ್ನೂ ಸಮುದ್ರದಿಂದ ಏಳುತ್ತಿತ್ತು. ಎಂಟು ಜನ ಗಟ್ಟಿಯಾಗಿ ಮಾತಾಡಿಕೊಂಡೇ ಹೊತ್ತರು. ಹೆಣದ ಮೇಲಿನ ಸಿಟ್ಟು ಹೋಗಿರಲಿಲ್ಲ, ಹೆದರಿಕೆ ಮಾತ್ರ ಹೋಗಿತ್ತು. ಕಲ್ಲು ಮುಚ್ಚುವಾಗ ಗೋವರ್ಟ್, "ಇನ್ನು ಸೀನು ನೋಡೋಣ," ಅಂದ. ಆಲೈಡಾ ಅವನ ಮುಖವನ್ನು, ಬಲಗೆನ್ನೆಯನ್ನು, ಬಹಳ ಹೊತ್ತು ನೋಡಿದಳು.

ಮುಂದಿನದು ನಿಮಗೆಲ್ಲ ಗೊತ್ತೇ ಇದೆ. ಸೋಮವಾರ ವ್ಯಾಪಾರಿ ತಗಡು ಕೊಂಡ. ಒಂದೆರಡು ವಾರದಲ್ಲಿ ಚಿತ್ರ ಊರಿಗೆ ವಾಪಸು ಬಂದು, ನಾವು ಕೂತಿರುವ ಇದೇ ಹೆಂಡದಂಗಡಿಯ ಇದೇ ಗೋಡೆಗೆ ಏರಿತು. ನರಹುಲಿ ಬಲಕ್ಕೆ, ಮೋಟುಗಾಲು ಎಡಕ್ಕೆ. ನೋಡಿ, ಕಣ್ತುಂಬ ನೋಡಿ. ಆ ದಾರಿಯ ನಡುವೆ ಕುದುರೆಯ ಮೇಲೆ ಠೀವಿಯಿಂದ ಕೂತಿರುವವನು...

"ಯಾರೂ ಇಲ್ಲ."

ಮೂಲೆಯ ಬೆಂಚಿನಿಂದ ಗೋವರ್ಟ್ ಎದ್ದು ಬಂದ. ಈ ಗೋಡೆಗೆ ಈಗ ಅವನು ಯಾವತ್ತೂ ಬೆನ್ನು ಹಾಕಿಯೇ ಕೂರುತ್ತಾನೆ. ಅವನು ಬೆರಳನ್ನು ಚಿತ್ರದ ಕುದುರೆಯ ಮೇಲೆ ಒತ್ತಿದ.

"ಬೆನ್ನ ಮೇಲೆ ಕೂರೋ ತಡಿ ಇದೆ. ಲಗಾಮು ಬೇಲಿಗೆ ಕಟ್ಟಿದೆ. ಮೇಲೆ ಯಾರೂ ಇಲ್ಲ. ನಾನು ಕಕ್ಕೋದು ಡಾನ್ಸಿಗ್‌ಗೆಲ್ಲ ಕಾಣ್ತಿದೆ, ನೀನೆಲ್ಲಯ್ಯಾ ಕಾಣ್ತಿರೋದು? ಆ ಬೆರಳು ಇತ್ತ ಕೊಡು." ನನ್ನ ಕೈ ಎಳೆದು ಮೂಸಿದ. "ಹೆಣದ ಭಾರವಂತೆ! ಎಣ್ಣೆ ಮಸಿ ಇದು. ಆಲೈಡಾಳ ಉಗುರಲ್ಲೂ ಇದೇ ಇರೋದು. ಪೆಟ್ಟಿಗೆ ಎತ್ತಿ ಕಾಲುಮಣೆ ಮೇಲೆ ಇಟ್ಟೋರು ನಾವು ಎಂಟು ಜನ. ನೀನು ಆಗ ಬೀದಿಯ ಆ ಬದೀಲಿ ನಿಂತಿದ್ದೆ. ಹೇಳೋ, ಎಲ್ಲಿಂದ ಬಂತು ಮಸಿ?"

ಇಡೀ ಅಂಗಡಿ ನನ್ನನ್ನು ನೋಡುತ್ತಿತ್ತು. ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿದ್ದು ಅದೇ ಮೊದಲು. ಸುಳ್ಳಲ್ಲ ಇದು.

ಇದ್ದದ್ದು ಹೇಳಿಬಿಟ್ಟೆ. ಪೆಟ್ಟಿಗೆಯನ್ನು ನಾನು ಮುಟ್ಟಿಯೇ ಇಲ್ಲ. ವೌಟರನನ್ನು ನೋಡಲು ದಿನಾ ಹೋಗಿರಲಿಲ್ಲ. ಹೋದದ್ದು ಒಂದೇ ಸಲ. ಮಣ್ಣಾದ ದಿನ ಸಂಜೆ ಆಲೈಡಾಳ ಬಾಗಿಲಿಗೆ ಹೋಗಿ ನಿಂತೆ. ಒತ್ತುಯಂತ್ರದ ಚಕ್ರ ತಿರುಗಿಸಲು ಅವಳಿಗೆ ಒಂದಾಳು ಬೇಕಾಗಿತ್ತು. ತಿರುಗಿಸಿದೆ. ಅವಳು ತಗಡಿನಿಂದ ಮೊದಲ ಹಾಳೆಯನ್ನು ಮೆಲ್ಲಗೆ ಎಬ್ಬಿಸಿದಳು. ಕುದುರೆ ಇತ್ತು. ಒಳ್ಳೆಯ ಕುದುರೆ. ತಡಿಯ ಮೇಲೆ ನಾನಿರಬೇಕಾದ ಕಡೆ ಹಿಂದಿನ ಬೇಲಿ ಕಾಣುತ್ತಿತ್ತು.

"ನನ್ನನ್ನ ಕೂರಿಸ್ತೀನಿ ಅಂದಿದ್ದ," ಅಂದೆ.

"ಕೂರಿಸೋಕೆ ನೋಡ್ದ," ಅಂದಳು, ಮಸಿ ಒರೆಸಿಕೊಳ್ಳುತ್ತಾ. "ಟೋಪಿ ಗೊತ್ತು, ನಿಲುವಂಗಿ ಗೊತ್ತು, ಮುಖ ಹೇಗಿದೆ ಅಂತ ಎಷ್ಟು ಯೋಚಿಸಿದ್ರೂ ಬರ್ಲಿಲ್ಲ ಅವನಿಗೆ. ನನ್ನ ಕೇಳ್ದ. ನನಗೂ ಬರ್ಲಿಲ್ಲ. ನೀನು ಬಾಗಿಲಿಗೆ ಬಂದ್ರೆ ಯಾರಯ್ಯಾ ಮುಖ ನೋಡ್ತಾರೆ? ಬಾಯಿ ನೋಡ್ತಾರೆ, ಯಾರ ಹೆಸರು ಬೀಳುತ್ತೋ ಅಂತ."

ಏನಾದರೂ ಒಂದು ಗೀರಾದರೂ ಇದೆಯೋ ಎಂದು ನಾನು ತಡಿಯನ್ನು ಕಿರುಬೆರಳಿನಿಂದ ಸವರಿದೆ.

"ಮುಟ್ಬೇಡ! ಹಸಿ ಇದೆ! ಥೂ, ಹಾಳಾಯ್ತಲ್ಲ, ಇದನ್ನ ಯಾರು ಕೊಳ್ತಾರೆ? ನೀನೇ ತಗೊಂಡು ಹೋಗು, ಕಣ್ಮುಂದೆ ಇರ್ಬೇಡ."

"ಎಲ್ಲಿದೆ ಆ ಹಾಳೆ?" ಅಂದ ಗೋವರ್ಟ್.

ನಿಲುವಂಗಿಯ ಒಳಜೇಬಿನಿಂದ ತೆಗೆದೆ. ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡಿದೆ. ದಾರಿ, ಹೆಂಡದಂಗಡಿ, ಬೇಲಿ, ನಮಗೆಲ್ಲ ಬೆನ್ನು ಹಾಕಿ ನಿಂತ ವೌಟರ್, ನಡುವೆ ಕುದುರೆ, ತಡಿಯ ಮೇಲೆ ಟೋಪಿಯಿಲ್ಲದ, ಕೈಕಾಲಿಲ್ಲದ, ಬೆರಳಗಲದ ಒಂದು ಕಪ್ಪು ಕಲೆ.

ಗೋವರ್ಟ್ ಅದನ್ನು ಎತ್ತಿ ಗೋಡೆಯ ಚಿತ್ರದ ಪಕ್ಕ ಹಿಡಿದ. ಅದನ್ನೊಮ್ಮೆ ನೋಡಿದ, ಇದನ್ನೊಮ್ಮೆ ನೋಡಿದ. ಆಮೇಲೆ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಆ ಕಲೆಯನ್ನು ತಿಕ್ಕಿದ. ಅದು ಹೋಗಲಿಲ್ಲ.